ಕಾಗದದ ಪುಸ್ತಕವೋ, ಕಂಪ್ಯೂಟರ್ ಪುಸ್ತಕವೋ? ಗ್ರಂಥಪಾಲಕರು ಹೇಳಿದ ಮಾತು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮುಂದೆ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ನಾನು ಎಸ್‌ಎಸ್‌ಎಲ್‌ಸಿ ಓದಿದವನು. ಪುಸ್ತಕದ ವಿಷಯ ಮಾತಾಡೋಕೆ ನನಗಿಂತ ಓದಿದವರು ಈ ಸಭೆಯಲ್ಲೇ ಹತ್ತಾರು ಜನ ಇದ್ದೀರಿ. ಆದರೂ ಅಧ್ಯಕ್ಷರು ನನಗೇ ಈ ಕೆಲಸ ಹಚ್ಚಿದ್ದಕ್ಕೆ ಒಂದು ಕಾರಣ ಇದೆ. ಬೆಳ್ಳಿಹಬ್ಬದ ನಿಧಿಯಲ್ಲಿ ಒಂದು ಭಾಗವನ್ನು ಊರಿನ ಗ್ರಂಥಾಲಯಕ್ಕೆ ಕೊಡಬೇಕು ಅಂತ ಹೋದ ಸರ್ವ ಸದಸ್ಯರ ಸಭೆಯಲ್ಲಿ ತೀರ್ಮಾನ ಆಯ್ತು. ಕೊಡೋದು ಹೇಗೆ ಅನ್ನೋದರಲ್ಲಿ ಎರಡು ಪಕ್ಷ ಆಯ್ತು. ಹುಡುಗರು, ಪೂರ್ತಿ ಹಣಕ್ಕೆ ಟ್ಯಾಬ್ ತರೋಣ, ಈಗ ಕಾಗದದ ಪುಸ್ತಕ ಯಾರು ಓದ್ತಾರೆ, ಆ ಹಳೇ ಬೀರುಗಳನ್ನು ಖಾಲಿ ಮಾಡಿ ಪುಸ್ತಕ ರದ್ದಿಗೆ ಹಾಕಿದರೆ ಜಾಗ ಆದರೂ ಆಗುತ್ತೆ ಅಂದರು. ಹಿರಿಯರು, ಟ್ಯಾಬ್ ತಂದರೆ ಮೂರು ತಿಂಗಳಿಗೆ ಮೂಲೆ ಸೇರುತ್ತೆ, ಪುಸ್ತಕವೇ ತನ್ನಿ ಅಂದರು. ದನಿ ಏರಿತು. ಕೊನೆಗೆ ಮೂರು ಜನ ನಿರ್ದೇಶಕರ ಉಪಸಮಿತಿ ಮಾಡಿ, ವಿಚಾರಿಸಿಕೊಂಡು ಬನ್ನಿ ಅಂತ ಕಳಿಸಿದಿರಿ. ಆ ಮೂವರಲ್ಲಿ ನಾನೊಬ್ಬ.

ನಾವು ಪುಸ್ತಕದ ಅಂಗಡಿಗೂ ಹೋಗಲಿಲ್ಲ, ಟ್ಯಾಬ್ ಅಂಗಡಿಗೂ ಹೋಗಲಿಲ್ಲ. ಇಬ್ಬರೂ ತಮ್ಮ ತಮ್ಮ ಸರಕನ್ನೇ ಹೊಗಳ್ತಾರೆ. ಪುಸ್ತಕ ಕಾಯೋದನ್ನೇ ಕಸುಬು ಮಾಡಿಕೊಂಡವರನ್ನು ಕೇಳೋಣ ಅಂತ ಗ್ರಂಥಪಾಲಕರ ಹತ್ತಿರ ಹೋದೆವು. ಮೊದಲು ನಮ್ಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ, ಆಮೇಲೆ ತಾಲ್ಲೂಕಿನ ಗ್ರಂಥಾಲಯದಲ್ಲಿ ಒಬ್ಬರು, ಕೊನೆಗೆ ನಮ್ಮೂರ ಅಳಿಯ ಒಬ್ಬರು ಕಾಲೇಜಿನಲ್ಲಿ ಗ್ರಂಥಪಾಲಕರಾಗಿದ್ದಾರಲ್ಲ, ಅವರು. ಅವರ ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳೋದಿಲ್ಲ.

ಹೋಗುವಾಗ ನನ್ನ ಮನಸ್ಸಲ್ಲಿ ಇದ್ದದ್ದು, ಇವರು ಪುಸ್ತಕದ ಜನ, ಕಾಗದದ ಕಡೆಯೇ ಮಾತಾಡ್ತಾರೆ ಅಂತ. ಹಾಗಾಗಲಿಲ್ಲ. ಮೂವರಲ್ಲಿ ಒಬ್ಬರೂ ಕಾಗದ ಮೇಲೋ ಪರದೆ ಮೇಲೋ ಅನ್ನೋ ಪ್ರಶ್ನೆಗೆ ನೇರ ಉತ್ತರ ಕೊಡಲಿಲ್ಲ. ತಿರುಗಿ ನಮಗೇ ಪ್ರಶ್ನೆ ಹಾಕಿದರು. ಯಾರು ಓದೋದು? ಯಾವ ಹೊತ್ತಲ್ಲಿ ಓದೋದು? ತಂದ ಮೇಲೆ ಅದು ಯಾರ ಸ್ವತ್ತು? ಹತ್ತು ವರ್ಷ ಆದಮೇಲೆ ಅದು ಇರುತ್ತಾ?

ನಮ್ಮ ಮೇಲ್ವಿಚಾರಕಿಯವರ ಮಾತು ಮೊದಲು ಹೇಳ್ತೀನಿ. ಆಯಮ್ಮ ದೊಡ್ಡ ಸಿದ್ಧಾಂತ ಏನೂ ಹೇಳಲಿಲ್ಲ. "ಅಣ್ಣಾ, ಬೆಳಿಗ್ಗೆ ಬರೋರು ಪೇಪರ್ ಓದೋ ಯಜಮಾನರು. ಒಂದು ಪೇಪರನ್ನು ನಾಲ್ಕು ತುಂಡು ಮಾಡಿ ನಾಲ್ಕು ಜನ ಓದ್ತಾರೆ. ಒಂದು ಟ್ಯಾಬನ್ನು ನಾಲ್ಕು ತುಂಡು ಮಾಡೋಕಾಗುತ್ತಾ?" ಅಂದರು. ನಾವು ನಕ್ಕೆವು. ಆಯಮ್ಮ ನಗಲಿಲ್ಲ. ಸಂಜೆ ಬರೋರು ಶಾಲೆ ಮಕ್ಕಳು, ಅವರಿಗೆ ಚಿತ್ರದ ಪುಸ್ತಕ ಬೇಕು, ಕೈಯಲ್ಲಿ ಹಿಡಿದು ಮನೆಗೆ ಒಯ್ಯಬೇಕು. ಪರೀಕ್ಷೆ ಕಟ್ಟೋ ಹುಡುಗರು ಹುಡುಗಿಯರು ಬರ್ತಾರೆ, ಪಿಡಿಒ, ಪೊಲೀಸ್, ಕೆಎಎಸ್ ಅಂತ. ಅವರಿಗೆ ಟ್ಯಾಬೂ ಬೇಕು, ಪುಸ್ತಕವೂ ಬೇಕು. ಹಳೇ ಪ್ರಶ್ನೆಪತ್ರಿಕೆ, ಈ ತಿಂಗಳ ಪ್ರಚಲಿತ ವಿದ್ಯಮಾನ ಟ್ಯಾಬಿನಲ್ಲಿ ಬೇಗ ಸಿಗುತ್ತೆ. ಆದರೆ ಕೂತು ಮನನ ಮಾಡೋಕೆ ಪುಸ್ತಕವೇ ಕೇಳ್ತಾರೆ. ಇನ್ನು ಕರೆಂಟು ಹೋದಾಗ, ನೆಟ್‌ವರ್ಕ್ ಇಲ್ಲದಾಗ, ಚಾರ್ಜರ್ ಕೆಟ್ಟಾಗ ಏನು ಮಾಡಬೇಕು ಅಂತ ಕೊಟ್ಟವರು ಯಾರೂ ಹೇಳಿ ಹೋಗೋದಿಲ್ಲ ಅಂತ ಆಯಮ್ಮನ ದೂರು. ದಾನ ಕೊಡೋರು ಫೋಟೋ ತೆಗೆಸಿಕೊಂಡು ಹೋಗ್ತಾರೆ, ರಿಪೇರಿಗೆ ಯಾರೂ ಬರೋಲ್ಲ. ಇದು ನಮಗೂ ತಾಗುವ ಮಾತು ಬಂಧುಗಳೇ, ನಾವೂ ಫೋಟೋಗೆ ಸಿದ್ಧವಾಗೇ ಇದ್ದೇವೆ.

ಪರೀಕ್ಷೆ ಹುಡುಗರ ವಿಷಯದಲ್ಲಿ ಆಯಮ್ಮ ಕಣ್ಣಲ್ಲಿ ಕಂಡು ಹೇಳಿದ್ದು ಕಾಲೇಜಿನವರ ಬಾಯಲ್ಲಿ ಲೆಕ್ಕದ ಸಮೇತ ಬಂತು. 2018ರಲ್ಲಿ ಸ್ಪೇನ್ ಮತ್ತು ಇಸ್ರೇಲಿನ ಸಂಶೋಧಕರು, 2000ದಿಂದ 2017ರವರೆಗೆ ಬಂದ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರಂತೆ. ಓದಿದವರ ಸಂಖ್ಯೆ 1 ಲಕ್ಷ 70 ಸಾವಿರ ದಾಟುತ್ತದೆ. ವಿಷಯ ತಿಳಿಯೋಕೆ ಓದುವ ಪಾಠದಂಥ ಬರಹವನ್ನು ಕಾಗದದಲ್ಲಿ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು, ಅದರಲ್ಲೂ ಇಷ್ಟೇ ಸಮಯ ಅಂತ ಕಟ್ಟು ಹಾಕಿದಾಗ. ಬರೀ ಕತೆ ಓದುವಾಗ ಆ ವ್ಯತ್ಯಾಸ ಕಾಣಲಿಲ್ಲ. ಮೊಬೈಲು ಕಂಪ್ಯೂಟರಿಗೆ ಜನ ಒಗ್ಗಿಕೊಂಡ ಹಾಗೆಲ್ಲ ಈ ಅಂತರ ಕಡಿಮೆಯಾಗಬೇಕಿತ್ತಲ್ಲ, ಇಲ್ಲ, ವರ್ಷ ಕಳೆದಂತೆ ಹೆಚ್ಚೇ ಆಗಿದೆ. ಕತೆ ಕಾದಂಬರಿ ಮೊಬೈಲಿನಲ್ಲಿ ಓದಿಕೊಳ್ಳಲಿ, ತೊಂದರೆ ಇಲ್ಲ. ಪರೀಕ್ಷೆಗೆ ಕೂರೋ ಹುಡುಗಿಗೆ ಪುಸ್ತಕ ಕೊಡಿ.

ಇನ್ನು ಅಳಿಯಂದಿರ ಮಾತು. ಇದೇ ನನಗೆ ಹೊಸದಾಗಿ ಕಂಡದ್ದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳ್ತೀನಿ. ಅವರು ಕೇಳಿದ ಮೊದಲ ಮಾತು, "ಭಾವ, ನೀವು ಕೊಳ್ಳೋದು ಕ್ರಯಕ್ಕೋ, ಗುತ್ತಿಗೆಗೋ?" ಪುಸ್ತಕಕ್ಕೆ ಎಂಥ ಗುತ್ತಿಗೆ ಅಂತ ನಾನು ಕೇಳಿದೆ.

ಕಾಗದದ ಪುಸ್ತಕ ಕೊಂಡರೆ ಅದು ಗ್ರಂಥಾಲಯದ ಸ್ವತ್ತು. ಹತ್ತು ಜನಕ್ಕಾದರೂ ಕೊಡಿ, ಸಾವಿರ ಜನಕ್ಕಾದರೂ ಕೊಡಿ, ಹರಿದರೆ ಬೈಂಡ್ ಮಾಡಿಸಿ, ಯಾರೂ ಕೇಳೋರಿಲ್ಲ. ಎಲೆಕ್ಟ್ರಾನಿಕ್ ಪುಸ್ತಕ ಹಾಗಲ್ಲ. ದುಡ್ಡು ಕೊಟ್ಟರೂ ಬಹಳ ಸಲ ಸಿಗೋದು ಓದುವ ಪರವಾನಗಿ ಮಾತ್ರ. ಎಷ್ಟು ಜನ, ಎಷ್ಟು ದಿನ, ಎಷ್ಟು ಸಲ ಅನ್ನೋದೆಲ್ಲ ಕೊಟ್ಟವನ ಕರಾರು. ನಾವು ರೈತರು, ಇದು ನಮಗೆ ಬೇಗ ಅರ್ಥವಾಗಬೇಕು. ಸ್ವಂತ ಹೊಲದಲ್ಲಿ ತೆಂಗಿನ ಸಸಿ ಇಡ್ತೀವಿ. ಗುತ್ತಿಗೆ ಹೊಲದಲ್ಲಿ ಯಾರಾದರೂ ತೆಂಗು ಇಡ್ತಾರಾ? ರಾಗಿ ಹಾಕ್ತೀವಿ, ಕೊಯ್ತೀವಿ, ಬಿಟ್ಟು ಬರ್ತೀವಿ.

ಇದಕ್ಕೆ ಅವರು ಅಮೆರಿಕದ ಉದಾಹರಣೆ ಹೇಳಿದರು, ಏಕೆಂದರೆ ಅಲ್ಲಿ ಈ ಜಗಳ ಮೊದಲು ಆಗಿ ಹೋಗಿದೆ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಅನ್ನೋ ದೊಡ್ಡ ಪ್ರಕಾಶನ ಸಂಸ್ಥೆ ಗ್ರಂಥಾಲಯಗಳಿಗೆ ಒಂದು ಕರಾರು ಹಾಕಿತು. ನಮ್ಮ ಒಂದು ಇ-ಪುಸ್ತಕವನ್ನು 26 ಸಲ ಎರವಲು ಕೊಡಬಹುದು, 27ನೇ ಸಲಕ್ಕೆ ಮತ್ತೆ ದುಡ್ಡು ಕಟ್ಟಿ ಅಂತ. ಹದಿನೈದು ದಿನಕ್ಕೊಬ್ಬರಂತೆ ಕೊಟ್ಟರೆ ಸುಮಾರು ಒಂದು ವರ್ಷ. ಕಾಗದದ ಪುಸ್ತಕವೂ ಅಷ್ಟರಲ್ಲಿ ಸವೆದು ಹೋಗಿ ಹೊಸದು ಕೊಳ್ಳಲೇಬೇಕಲ್ಲ ಅನ್ನೋ ಅರ್ಥದ ಸಮಜಾಯಿಷಿ ಬಂತು. ಆಗ ಒಕ್ಲಹೋಮ ಅನ್ನೋ ರಾಜ್ಯದ ಗ್ರಂಥಪಾಲಕರು ಏನು ಮಾಡಿದರು ಗೊತ್ತಾ? ಅದೇ ಪ್ರಕಾಶಕರ ಕಾಗದದ ಪುಸ್ತಕಗಳನ್ನು ತಮ್ಮ ಕಪಾಟಿನಿಂದ ತೆಗೆದು, 26ಕ್ಕಿಂತ ಎಷ್ಟೋ ಹೆಚ್ಚು ಸಲ ಹೊರಗೆ ಹೋಗಿ ಬಂದಿದ್ದರೂ ಗಟ್ಟಿಯಾಗಿರೋದನ್ನು ವಿಡಿಯೋ ಮಾಡಿ ಲೋಕಕ್ಕೆಲ್ಲ ತೋರಿಸಿದರು. ಬಾಯಲ್ಲಿ ವಾದ ಮಾಡೋದಕ್ಕಿಂತ ಪುಸ್ತಕವನ್ನೇ ಎತ್ತಿ ತೋರಿಸಿದ್ದು ನನಗೆ ಬಹಳ ಹಿಡಿಸಿತು. ಹಾಲಿಗೆ ನೀರು ಬೆರೆಸಿದ್ದೀಯ ಅಂದವನಿಗೆ ಲ್ಯಾಕ್ಟೋಮೀಟರ್ ಇಳಿಸಿ ತೋರಿಸಿದ ಹಾಗೆ.

2019ರ ನವೆಂಬರಿನಲ್ಲಿ ಮ್ಯಾಕ್‌ಮಿಲನ್ ಅನ್ನೋ ಇನ್ನೊಂದು ಸಂಸ್ಥೆ, ಹೊಸ ಪುಸ್ತಕ ಬಂದ ಮೊದಲ ಎಂಟು ವಾರ ಒಂದು ಗ್ರಂಥಾಲಯ ವ್ಯವಸ್ಥೆಗೆ ಒಂದೇ ಒಂದು ಇ-ಪ್ರತಿ ಅಂತ ಮಾಡಿತು. ಊರೆಲ್ಲ ಶಾಖೆ ಇರುವ ದೊಡ್ಡ ಪಟ್ಟಣಕ್ಕೂ ಒಂದೇ ಪ್ರತಿ! ಗ್ರಂಥಪಾಲಕರು ಸಹಿ ಸಂಗ್ರಹ ಮಾಡಿದರು, ಕೆಲವು ಕಡೆ ಆ ಸಂಸ್ಥೆಯ ಇ-ಪುಸ್ತಕ ಕೊಳ್ಳೋದನ್ನೇ ನಿಲ್ಲಿಸಿದರು. 2020ರ ಮಾರ್ಚಿನಲ್ಲಿ ಆ ನಿಯಮ ವಾಪಸಾಯಿತು.

ಮನೆಯಲ್ಲಿ ಓದೋರ ಕತೆಯೂ ಬೇರೆ ಅಲ್ಲ. 2009ರಲ್ಲಿ ಅಮೆಜಾನ್‌ನವರು, ಮಾರಿದವನಿಗೆ ಹಕ್ಕು ಇರಲಿಲ್ಲ ಅಂತ, ಜನ ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ಅವರವರ ಕಿಂಡಲ್ ಯಂತ್ರದಿಂದಲೇ ಅಳಿಸಿಬಿಟ್ಟರು. ದುಡ್ಡು ವಾಪಸ್ ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್‌ನವರು ತಮ್ಮ ಪುಸ್ತಕದ ಅಂಗಡಿ ಮುಚ್ಚಿದಾಗ, ಅಲ್ಲಿ ಕೊಂಡಿದ್ದ ಪುಸ್ತಕಗಳೆಲ್ಲ ತೆರೆಯದಂತಾದವು. ಅಲ್ಲೂ ದುಡ್ಡು ವಾಪಸ್ ಬಂತು. ಆದರೆ ಯೋಚನೆ ಮಾಡಿ, ನಿಮ್ಮ ಕೊಟ್ಟಿಗೆಗೆ ರಾತ್ರಿ ಬಂದು ಹಸು ಹೊಡೆದುಕೊಂಡು ಹೋಗಿ, ಗೂಟಕ್ಕೆ ದುಡ್ಡು ಕಟ್ಟಿ ಹೋದರೆ ನೀವು ಸುಮ್ಮನಿರ್ತೀರಾ?

ನಮ್ಮ ದೇಶದ್ದೂ ಒಂದು ಹೇಳಿದರು. ಕಾಲೇಜು, ವಿಶ್ವವಿದ್ಯಾಲಯಗಳಿಗೆ ವಿಜ್ಞಾನದ ನಿಯತಕಾಲಿಕೆಗಳನ್ನು ಕಂಪ್ಯೂಟರಿನಲ್ಲಿ ಒದಗಿಸೋಕೆ ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ 'ಒಂದು ರಾಷ್ಟ್ರ ಒಂದು ಚಂದಾ' ಅನ್ನೋ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆ, 6,300 ಸಂಸ್ಥೆಗಳಿಗೆ. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಹುಡುಗನಿಗೂ ದೊಡ್ಡ ಪಟ್ಟಣದವರು ಓದೋದೇ ಸಿಗುತ್ತೆ, ಅದು ಒಳ್ಳೇದು, ಬೇಡ ಅನ್ನೋ ಹಾಗಿಲ್ಲ ಅಂತ ಅಳಿಯಂದಿರೇ ಹೇಳಿದರು. ಆದರೆ ಹೆಸರಿನಲ್ಲೇ ಇದೆ ನೋಡಿ, ಅದು ಚಂದಾ. ಅವಧಿ ಮುಗಿದಾಗ ಮತ್ತೆ ಮಾತುಕತೆಗೆ ಕೂರಬೇಕು. ಒಂದು ದೇಶ ಕೂತು ಮಾತಾಡುವಾಗ ಎದುರಿನವರು ಕೇಳ್ತಾರೆ. ನಮ್ಮೂರ ಗ್ರಂಥಾಲಯ ಕೂತರೆ ಯಾರು ಕೇಳ್ತಾರೆ?

ಹೀಗಂದ ಮಾತ್ರಕ್ಕೆ ಎಲೆಕ್ಟ್ರಾನಿಕ್ ಪುಸ್ತಕ ಕೆಟ್ಟದ್ದು ಅಂತ ಅವರು ಒಮ್ಮೆಯೂ ಹೇಳಲಿಲ್ಲ. ಹಿರಿಯರು ದಯವಿಟ್ಟು ಇದನ್ನು ಕೇಳಿಸಿಕೊಳ್ಳಬೇಕು. ಕಣ್ಣು ಕಾಣದವರಿಗೆ ಕಾಗದದ ಪುಸ್ತಕ ಇದ್ದೂ ಇಲ್ಲದ ಹಾಗೆ. ಅಂಥವರಿಗಾಗಿ ಪುಸ್ತಕವನ್ನು ದನಿಗೆ, ಬ್ರೈಲಿಗೆ ಬದಲಾಯಿಸೋಕೆ ಕಾನೂನಿನ ಅಡ್ಡಿ ಇರಬಾರದು ಅಂತ 2013ರಲ್ಲಿ ಮರಕೇಶ್ ಪಟ್ಟಣದಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದ ಆಯಿತು. 2014ರಲ್ಲಿ ಅದನ್ನು ಎಲ್ಲಕ್ಕಿಂತ ಮೊದಲು ಅಂಗೀಕರಿಸಿದ ದೇಶ ನಮ್ಮ ಭಾರತ. 2016ರಲ್ಲಿ 'ಸುಗಮ್ಯ ಪುಸ್ತಕಾಲಯ' ಅಂತ ಅಂಥವರಿಗೇ ಆನ್‌ಲೈನ್ ಗ್ರಂಥಾಲಯ ಶುರುವಾಯಿತು. ಕಣ್ಣು ಮಂಜಾದ ನಮ್ಮ ಯಜಮಾನರುಗಳಿಗೂ ಅಷ್ಟೆ. ಟ್ಯಾಬಿನಲ್ಲಿ ಎರಡು ಬೆರಳಲ್ಲಿ ಎಳೆದರೆ ಅಕ್ಷರ ದಪ್ಪ ಆಗುತ್ತೆ, ಕಾಗದದಲ್ಲಿ ಎಷ್ಟು ಎಳೆದರೂ ಹರಿಯುತ್ತೆ ಅಷ್ಟೆ. ಕೊರೋನಾ ಕಾಲದಲ್ಲಿ ಬಾಗಿಲು ಹಾಕಿದ್ದಾಗ ನಮ್ಮ ಸಾರ್ವಜನಿಕ ಗ್ರಂಥಾಲಯ ಇಲಾಖೆಯವರು 2020ರಲ್ಲಿ ಶುರುಮಾಡಿದ ಡಿಜಿಟಲ್ ಗ್ರಂಥಾಲಯ ಮೊಬೈಲಿನಲ್ಲೇ ಕೆಲಸಕ್ಕೆ ಬಂತು. ಖರಗ್‌ಪುರದ ಐಐಟಿಯವರು ನೋಡಿಕೊಳ್ಳುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇದೆ, ಹೆಸರು ನೋಂದಾಯಿಸೋಕೆ ದುಡ್ಡಿಲ್ಲ.

ತಾಲ್ಲೂಕಿನ ಗ್ರಂಥಾಲಯದವರು ನಮಗೊಂದು ಬೆರಗು ತೋರಿಸಿದರು. ಬಿ.ಎಲ್. ರೈಸ್ ಅನ್ನೋ ಅಧಿಕಾರಿ ಹಳೇ ಮೈಸೂರು ಸೀಮೆಯ ಊರೂರಿನ ಶಿಲಾಶಾಸನಗಳನ್ನು ಓದಿಸಿ, ಜಿಲ್ಲೆ ತಾಲ್ಲೂಕುವಾರು 'ಎಪಿಗ್ರಾಫಿಯ ಕರ್ನಾಟಿಕ' ಅಂತ ಸಂಪುಟಗಳನ್ನು 1886ರಿಂದ ತಂದರು. ಆ ಪುಸ್ತಕ ನಮ್ಮಂಥ ಗ್ರಂಥಾಲಯಕ್ಕೆ ಜನ್ಮದಲ್ಲಿ ಬರೋದಿಲ್ಲ, ಅದರ ಬೆಲೆಯೂ ನಮಗೆ ಎಟುಕೋದಿಲ್ಲ. ಅವರು ಕಂಪ್ಯೂಟರಿನಲ್ಲಿ ನಿಮಿಷದಲ್ಲಿ ತೆಗೆದು, ನಮ್ಮ ತಾಲ್ಲೂಕಿನ ಪುಟ ಮುಂದಿಟ್ಟರು. ಜೊತೆಗೆ ಬಂದಿದ್ದ ಹಿರಿಯ ನಿರ್ದೇಶಕರು, ಪೂರ್ತಿ ಪುಸ್ತಕದ ಪಕ್ಷದವರು, ಕುರ್ಚಿ ಎಳೆದುಕೊಂಡು ಕೂತವರು ಏಳಲೇ ಇಲ್ಲ. ಬಸ್ಸು ತಪ್ಪಿತು.

ಈಗ ರದ್ದಿ ವಿಷಯಕ್ಕೆ ಬರ್ತೀನಿ. ಸ್ಕ್ಯಾನ್ ಮಾಡಿಟ್ಟರೆ ಕಾಗದ ಬಿಸಾಕಬಹುದಲ್ಲ ಅಂತ ಹುಡುಗರು ಕೇಳಿದ್ದು ಹೊಸ ಮಾತಲ್ಲ. ಅಮೆರಿಕದ ದೊಡ್ಡ ದೊಡ್ಡ ಗ್ರಂಥಾಲಯಗಳಲ್ಲಿ ಹಿಂದೆ ಇದೇ ಆಗಿದೆ. ಕಳೆದ ಶತಮಾನದಲ್ಲಿ ಅಲ್ಲಿ ಹಳೇ ಪತ್ರಿಕೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿ, ಮೂಲ ಪತ್ರಿಕೆಗಳನ್ನು ಎಸೆದರು, ಮಾರಿದರು. ಕಾಗದ ಪುಡಿಯಾಗುತ್ತೆ ಅನ್ನೋದು ಕಾರಣ. ಪುಡಿಯಾಗುತ್ತೋ ಇಲ್ಲವೋ ನೋಡೋಕೆ ಪುಟದ ಮೂಲೆಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಚಿ, ಎಷ್ಟನೇ ಸಲಕ್ಕೆ ಮುರಿಯುತ್ತೆ ಅಂತ ಎಣಿಸೋರು. ನಿಕೋಲ್ಸನ್ ಬೇಕರ್ ಅನ್ನೋ ಬರಹಗಾರ 2001ರಲ್ಲಿ ಇದರ ಮೇಲೆ ಒಂದು ಪುಸ್ತಕ ಬರೆದು, ಯಾರಾದರೂ ಪುಟದ ಮೂಲೆ ಮಡಚಿ ಮಡಚಿ ಓದ್ತಾರಾ, ಪುಟ ತಿರುವಿದರೆ ಸಾಲದೇ ಅನ್ನೋ ವಾದ ಎತ್ತಿದ. ಹಲವು ಫಿಲ್ಮುಗಳಲ್ಲಿ ಪುಟ ಬಿಟ್ಟುಹೋಗಿತ್ತು, ಮಸುಕಾಗಿತ್ತು, ಬಣ್ಣದ ಚಿತ್ರ ಕಪ್ಪುಬಿಳುಪಾಗಿತ್ತು. ತಿರುಗಿ ನೋಡೋಣ ಅಂದರೆ ಮೂಲ ಇಲ್ಲ. ಆ ಮನುಷ್ಯ ಸುಮ್ಮನೆ ಬೈದು ಕೂರದೆ, ವಿಲೇವಾರಿಗೆ ಇಟ್ಟಿದ್ದ ಪತ್ರಿಕೆಗಳ ಕಟ್ಟುಗಳನ್ನು ತಾನೇ ಕೊಂಡು ಉಳಿಸಿದ. ಗ್ರಂಥಪಾಲಕರಿಗೆ ಅವನ ಮೇಲೆ ಸಿಟ್ಟೂ ಬಂತು, ಜಾಗ ದುಡ್ಡು ಎಲ್ಲಿಂದ ತರೋಣ ಅಂತ ಅವರು ಕೇಳಿದ್ದೂ ಸುಳ್ಳಲ್ಲ.

ನಮ್ಮದೇ ಸೀಮೆಯ ಮಾತು ತಗೊಳ್ಳಿ. 1905ರ ಸುಮಾರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಮಾತ್ರ ಕೇಳಿದ್ದ ಗ್ರಂಥ! 1909ರಲ್ಲಿ ಅಚ್ಚಾಯಿತು, 1915ರಲ್ಲಿ ಇಂಗ್ಲಿಷಿಗೂ ಬಂತು. ಆ ಕಟ್ಟನ್ನು ಹುಳು ಹಿಡಿದ ಗರಿ ಅಂತ ಯಾರಾದರೂ ಒಲೆಗೆ ಹಾಕಿದ್ದರೆ? ನಮ್ಮ ಗ್ರಂಥಾಲಯದ ಬೀರುವಿನಲ್ಲಿ ಕೌಟಿಲ್ಯ ಇದ್ದಾನೆ ಅಂತ ನಾನು ಹೇಳೋಲ್ಲ. ಆದರೆ ಊರಿನ ಪೌರಾಣಿಕ ನಾಟಕದ ಕೈಬರಹದ ಪ್ರತಿ, ಶಾಲೆಯ ಹಳೇ ಸ್ಮರಣ ಸಂಚಿಕೆ, ಜಾತ್ರೆಯ ಕರಪತ್ರ ಇವೆ ಅಂತ ಮೇಲ್ವಿಚಾರಕಿ ತೋರಿಸಿದರು. ಇವು ಬೇರೆಲ್ಲೂ ಇರಲಾರವು. ಪಟ್ಟಣದಲ್ಲೂ ಸಿಗುವ ಹರಿದ ಗೈಡನ್ನು ರದ್ದಿಗೆ ಹಾಕಿ, ಬೇಡ ಅನ್ನೋಲ್ಲ. ಬೇರೆಲ್ಲೂ ಇಲ್ಲದ್ದನ್ನು ಮುಟ್ಟಬೇಡಿ. ತಾಲ್ಲೂಕಿನವರು ಹೇಳಿದ್ದೂ ಇಷ್ಟೇ. ತೆಗೆದುಹಾಕೋದೂ ಗ್ರಂಥಪಾಲಕನ ಕೆಲಸವೇ, ಕಳೆ ಕಿತ್ತ ಹಾಗೆ, ಆದರೆ ಪೈರು ಯಾವುದು ಕಳೆ ಯಾವುದು ಗೊತ್ತಿದ್ದವನು ಕೀಳಬೇಕು.

ಕಾಗದ ಅಂದ ಕೂಡಲೇ ಗಟ್ಟಿ ಅಂತಲೂ ತಿಳಿಯಬೇಡಿ. ದಿನಾ ನಿಮಗೆ ಡೇರಿಯಲ್ಲಿ ಫ್ಯಾಟು, ಎಸ್‌ಎನ್‌ಎಫ್ಪು, ಲೀಟರು ಬರೆದ ಚೀಟಿ ಬರುತ್ತಲ್ಲ, ಅದೂ ಅಚ್ಚಾದ ಕಾಗದವೇ. ಅದು ಶಾಖಕ್ಕೆ ಮೂಡುವ ಅಕ್ಷರ, ಶಾಯಿ ಇಲ್ಲ. ಅಂಗಿ ಜೇಬಲ್ಲಿ ಬೆವರಿಗೆ, ಬಿಸಿಲಿಗೆ ಅಳಿಸಿ ಹೋಗುತ್ತೆ. ಆದರೆ ನಮ್ಮ ಸಂಘದ ಮೊದಲ ವರ್ಷದ ಸದಸ್ಯರ ರಿಜಿಸ್ಟರು, ಆಗಿನ ಕಾರ್ಯದರ್ಶಿಗಳು ಇಂಕ್ ಪೆನ್ನಿನಲ್ಲಿ ಬರೆದದ್ದು, ಈ ಸಂಚಿಕೆಗಾಗಿ ಮೊನ್ನೆ ತೆಗೆದಾಗ ಒಂದಕ್ಷರ ಮಾಸಿಲ್ಲ. ಅದೇ ಸಂಘ ಮೊದಲು ತಂದ ಕಂಪ್ಯೂಟರಿನಲ್ಲಿದ್ದ ವರದಿಗಳನ್ನು ತೆಗೆಯೋಕೆ ಹೋದರೆ, ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಇವತ್ತಿನ ಮೊಬೈಲಿನಲ್ಲಿ ಏನೇನೋ ಗೆರೆ ಚಿಹ್ನೆಯಾಗಿ ಕಾಣುತ್ತೆ. ಅಕ್ಷರ ಒಳಗಿದೆ, ಓದೋಕಾಗೋಲ್ಲ. ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು. ಅದಕ್ಕೇ ಅಳಿಯಂದಿರು ಹೇಳೋದು, ಕಾಗದ ಇಟ್ಟಲ್ಲಿ ಸುಮ್ಮನಿದ್ದರೂ ಬಹಳ ಕಾಲ ಇರುತ್ತೆ, ಕಂಪ್ಯೂಟರಿನ ಕಡತವನ್ನು ಹಾಲು ಕರೆಯೋ ಹಸು ನೋಡಿಕೊಂಡ ಹಾಗೆ ನೋಡಿಕೊಳ್ತಾನೇ ಇರಬೇಕು ಅಂತ.

2023ರ ಅಕ್ಟೋಬರಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗಿದರು. ಕಪಾಟಿನ ಪುಸ್ತಕ ಒಂದೂ ಕದಲಲಿಲ್ಲ. ಆದರೆ ಯಾವ ಪುಸ್ತಕ ಎಲ್ಲಿದೆ ಅನ್ನೋ ಆನ್‌ಲೈನ್ ಪಟ್ಟಿಯೇ ನಿಂತುಹೋಗಿ, ಅದು ಮತ್ತೆ ಕಣ್ಣಿಗೆ ಬಿದ್ದದ್ದು 2024ರ ಜನವರಿಯಲ್ಲಿ. ಅಷ್ಟು ದೊಡ್ಡ ಸಂಸ್ಥೆಗೇ ಹೀಗೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಪಾಲಕರು 1999ರಲ್ಲಿ ಶುರುಮಾಡಿದ ಒಂದು ಯೋಜನೆಯ ಹೆಸರಿನ ಅರ್ಥವೇ, ಪ್ರತಿಗಳು ಹೆಚ್ಚಿದ್ದರೆ ವಸ್ತು ಕ್ಷೇಮ ಅಂತ. ಒಂದೇ ಕಣಜದಲ್ಲಿ ಎಲ್ಲ ಬಿತ್ತನೆ ಇಡಬಾರದು ಅಂತ ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ನಾಲ್ಕು ಮನೆಗೆ ಹಂಚಿ ಇಡೋರು.

ಗ್ರಂಥಪಾಲಕರು ಮೂವರೂ ಒಂದು ಹೆಸರನ್ನು ತಪ್ಪದೆ ಹೇಳಿದರು, ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಗಾಲ ಕಳೆದದ್ದು ನಮ್ಮ ಬೆಂಗಳೂರಿನಲ್ಲೇ, 1962ರಲ್ಲಿ ಗ್ರಂಥಾಲಯ ವಿಷಯದ ತರಬೇತಿ ಕೇಂದ್ರವನ್ನೂ ಅಲ್ಲಿ ಕಟ್ಟಿದರು. 1972ರಲ್ಲಿ ತೀರಿಕೊಂಡರು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಪುಸ್ತಕ ಇರೋದು ಬೀಗ ಹಾಕಿಡೋಕಲ್ಲ ಬಳಸೋಕೆ, ಪ್ರತಿ ಓದುಗನಿಗೂ ಅವನಿಗೆ ತಕ್ಕದ್ದು ಸಿಗಬೇಕು, ಓದುಗನ ಹೊತ್ತು ಹಾಳಾಗಬಾರದು, ಹೀಗೆ. ಅದರಲ್ಲಿ ಕಾಗದ ಅನ್ನೋ ಪಟ್ಟು ಎಲ್ಲೂ ಇಲ್ಲ. ಅದೇ 1931ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೈ ಅನ್ನೋ ನಿವೃತ್ತ ಎಂಜಿನಿಯರು ಎತ್ತಿನ ಗಾಡಿಯಲ್ಲಿ ಪುಸ್ತಕ ಜೋಡಿಸಿ ಹಳ್ಳಿ ಹಳ್ಳಿಗೆ ಕಳಿಸಿದರು. ಅದನ್ನು ಉದ್ಘಾಟಿಸಿದವರು ರಂಗನಾಥನ್ನರೇ. ಓದುಗ ಬರಲಿಲ್ಲ ಅಂತ ಗೊಣಗದೆ ಪುಸ್ತಕವೇ ಗಾಡಿ ಹತ್ತಿ ಹೋಯಿತು. ಇವತ್ತಿನ ಗಾಡಿ ಟ್ಯಾಬ್ ಆಗಿದ್ದರೆ ಅದನ್ನೂ ಹತ್ತಿಸೋಣ. ಗಾಡಿ ಬಂತು ಅಂತ ಮನೆಯ ಕಣಜ ಯಾಕೆ ಕೆಡವಬೇಕು?

ಇನ್ನೊಂದು ಮಾತು, ಪಂಚಾಯಿತಿಯವರು ಬೇಜಾರು ಮಾಡ್ಕೋಬಾರದು. ನಮ್ಮ ರಾಜ್ಯದಲ್ಲಿ 1965ರ ಗ್ರಂಥಾಲಯ ಕಾಯಿದೆ ಇದೆ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, 'ಗ್ರಂಥಾಲಯ ಕರ' ಅಂತ ಒಂದು ಸಾಲು ಇರುತ್ತೆ, ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ನಾವು ಈಗಾಗಲೇ ದುಡ್ಡು ಕಟ್ಟಿದ್ದೇವೆ. ಸಂಘದ ಕೊಡುಗೆ ಅದರ ಮೇಲೆ ಸೇರಬೇಕೇ ಹೊರತು ಅದರ ಬದಲಿಗೆ ಅಲ್ಲ. ಇದನ್ನು ಕೇಳೋ ಹಕ್ಕು ಪ್ರತಿಯೊಬ್ಬ ಮನೆಯವನಿಗೂ ಇದೆ.

ಇಷ್ಟೆಲ್ಲ ಕೇಳಿಕೊಂಡು ಬಂದು ಉಪಸಮಿತಿ ನಿಮ್ಮ ಮುಂದಿಡೋದು ಇದು. ಹಣದ ದೊಡ್ಡ ಭಾಗಕ್ಕೆ ಕಾಗದದ ಪುಸ್ತಕ, ಅದರಲ್ಲೂ ಪರೀಕ್ಷೆಯ ಪುಸ್ತಕ, ಮಕ್ಕಳ ಪುಸ್ತಕ, ಪಶುಪಾಲನೆಯ ಪುಸ್ತಕ. ದಿನಪತ್ರಿಕೆ ಒಂದನ್ನೂ ನಿಲ್ಲಿಸಬಾರದು. ಟ್ಯಾಬ್ ಎರಡು ಸಾಕು. ಓದಿ ಹೇಳುವ ದನಿಯ ಸೌಲಭ್ಯ ಹಾಕಿಸಿ, ಚಾರ್ಜರ್ ರಿಪೇರಿಗೆ ಅಂತ ಐದು ವರ್ಷಕ್ಕೆ ಆಗುವಷ್ಟು ದುಡ್ಡನ್ನು ಈಗಲೇ ಬೇರೆ ತೆಗೆದಿಟ್ಟು ಕೊಡಬೇಕು. ವರ್ಷ ವರ್ಷ ಚಂದಾ ಕಟ್ಟುವ ಯಾವ ಇ-ಪುಸ್ತಕಕ್ಕೂ ಸಂಘದ ನಿಧಿಯಿಂದ ಒಪ್ಪಬಾರದು, ಪುಕ್ಕಟೆ ಸಿಗೋದೇ ನಮಗೆ ಓದಿ ಮುಗಿಯದಷ್ಟಿದೆ. ಬೀರು ಖಾಲಿ ಮಾಡೋ ಮೊದಲು ಪಟ್ಟಿ ಆಗಬೇಕು, ನಾಟಕದ ಪ್ರತಿಯನ್ನೂ ಸ್ಮರಣ ಸಂಚಿಕೆಗಳನ್ನೂ ನಮ್ಮ ಹುಡುಗರೇ ಸ್ಕ್ಯಾನ್ ಮಾಡಲಿ. ಅವರಿಗೆ ಆ ಕೈಚಳಕ ಇದೆ, ನಮಗಿಲ್ಲ. ಸ್ಕ್ಯಾನ್ ಆದಮೇಲೂ ಮೂಲ ಬೀರುವಿನಲ್ಲೇ ಇರಲಿ. ಈ ಬೆಳ್ಳಿಹಬ್ಬದ ಸಂಚಿಕೆಯ ಪ್ರತಿಗಳನ್ನು ಗ್ರಂಥಾಲಯಕ್ಕೆ, ಶಾಲೆಗೆ, ತಾಲ್ಲೂಕಿಗೆ ಒಂದೊಂದು ಕೊಟ್ಟು ರಸೀದಿ ತಗೊಳ್ಳೋಣ.

ಉಪಸಮಿತಿಯ ಮೂವರಲ್ಲಿ ಒಬ್ಬರು ಟ್ಯಾಬ್ ನಾಲ್ಕಾದರೂ ಬೇಕು ಅಂತ ಭಿನ್ನಾಭಿಪ್ರಾಯ ಬರೆದಿದ್ದಾರೆ. ಅದನ್ನೂ ಕಾರ್ಯದರ್ಶಿಗಳು ಓದುತ್ತಾರೆ, ಕೇಳಿ ತೀರ್ಮಾನ ಮಾಡಿ. ಯಾವ ಪುಸ್ತಕ ತರಬೇಕು ಅನ್ನೋದಕ್ಕೆ ಹಾಲು ಅಳೆಯುವ ಕೌಂಟರ್ ಪಕ್ಕ ಒಂದು ಡಬ್ಬ ಇಟ್ಟಿದೆ. ಮುಂದಿನ ಬಟವಾಡೆ ದಿನದವರೆಗೂ ಚೀಟಿ ಹಾಕಬಹುದು. ಪುಸ್ತಕದ ಹೆಸರು ಗೊತ್ತಿಲ್ಲದಿದ್ದರೆ ವಿಷಯ ಬರೆದರೂ ಸಾಕು, ಬರೆಯೋಕೆ ಬಾರದ ತಾಯಂದಿರು ಮೇಲ್ವಿಚಾರಕಿಯವರ ಹತ್ತಿರ ಬಾಯಲ್ಲಿ ಹೇಳ್ಬಹುದು. ನಿನ್ನೆವರೆಗೆ ಬಿದ್ದಿರೋದು ಹನ್ನೊಂದು ಚೀಟಿ.